ಕೆ ಹಾಳೆಗಳ ಲಾಡಸಾಬ

ಲಾಡಸಾಬ ಶುದ್ಧ ಬಡಾಯಿಕೋರ. ಸೋಲೊಪ್ಪುವುದು ಅವನ ಜಾಯಮಾನವಲ್ಲ. ಗಜೇಂದ್ರಗಡದ ಈ ಟೇಲರ್, ಹೆಂಗಸರ ಜಂಪರಿನ ಕಾಗದದ ಮಾದರಿ ಕತ್ತರಿಸಲೆಂದು ರದ್ದಿ ಅಂಗಡಿಯಿಂದ ಹಳೆಯ ಇಂಗ್ಲಿಷ್-ಕನ್ನಡ ನಿಘಂಟೊಂದನ್ನು ತಂದ. ಏನಿದೆ ಎಂದು ನೋಡದೆ ತೋಳು, ಕೊರಳು, ಬೆನ್ನು ಎಂದು ಕತ್ತರಿ ಆಡಿಸಿ ಪುಸ್ತಕವನ್ನೇ ಮುಗಿಸಿದ. ಉಳಿದದ್ದು ಕೆ ಅಕ್ಷರದ ಹಾಳೆಗಳು ಮಾತ್ರ. ಮಷೀನಿನ ಮುಂದೆ ಕೂತು ಅವನ್ನು ಬಾಯಿಪಾಠ ಮಾಡಿದ. ಇಂಗ್ಲಿಷರೇ ಎಂದೋ ಬಿಟ್ಟ ಶಬ್ದಗಳ ಮೇಲೆ ಅವನಿಗೆ ವಿಶೇಷ ಪ್ರೀತಿ.

"ಕರ್ಟಲ್ ಹೊಲೀಲೇನಬೇ ಅಡಿವೆವ್ವಾ? ಹಿಂದಿನ ರಾಣಿಗೋಳ ಉದ್ದಂಗಿ ಅದು," ಎಂದು ಗಿರಾಕಿಯನ್ನು ಕೇಳುವನು.

"ಮೊದಲ ನನ್ನ ಜಂಪರ ಕೊಡೋ ಮಾರಾಯಾ, ಲಗ್ನ ಮುಗದ ಹೋತು!"

ಮಗಳು ಜಬೀನ ರೋಣದ ಸಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಅಪ್ಪ ಬಾಯಿ ತೆರೆದರೆ ಅವಳ ಕಿವಿ ಬಿಸಿಯಾಗುತ್ತಿತ್ತು. 2004ರಲ್ಲಿ ನರಗುಂದದವರು ಅವಳನ್ನು ನೋಡಲು ಬಂದರು. ಹುಡುಗ ಅವಳಿಗೆ ಮನಸ್ಸಿಗೆ ಬಂದಿದ್ದ; ಈ ಸಂಬಂಧ ತಪ್ಪಬಾರದೆಂಬುದೊಂದೇ ಆಸೆ. "ಅಬ್ಬಾ, ಇವತ್ತೊಂದಿನ ಇಂಗ್ಲಿಷ ಬ್ಯಾಡ," ಎಂದು ಮುಂಜಾನೆಯೇ ಅಪ್ಪನಿಗೆ ಕೈಮುಗಿದಿದ್ದಳು.

ಆದರೂ ಮಂಡಕ್ಕಿ-ಮಿರ್ಚಿಯ ತಾಟು ಮುಂದಿಡುತ್ತಲೇ ಲಾಡಸಾಬನ ನಾಲಿಗೆ ತುರಿಸಿತು. "ತಗೋರಿ, ಕಿಕ್‌ಷಾ! ಬಾಯಿಗೆ ರುಚಿ, ಹೊಟ್ಟಿಗೇನೂ ಇಲ್ಲ. ಇಂಥಾ ತಿಂಡಿಗೆ ಇಂಗ್ಲಿಷಿನ್ಯಾಗ ಹಂಗಂತಾರ."

ಹುಡುಗನ ಸೋದರಮಾವ ಮುನಾವರ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. ನಕ್ಕುಬಿಟ್ಟ. "ರಿಕ್ಷಾ ಕೇಳೀನ್ರಿ. ಇದನ್ನೆಲ್ಲಿಂದ ತಂದ್ರಿ?"

"ಡಿಕ್ಷನರಿಯೊಳಗೈತ್ರಿ! ಬೇಕಾದ್ರ ಶರತ್ತ ಕಟ್ರಿ!"

ಮುನಾವರ ಜಬೀನಳತ್ತ ತಿರುಗಿದ. "ಟೀಚರ್, ನೀವ ಹೇಳ್ರಿ. ಹಂಥಾ ಶಬ್ದ ಐತೇನು?"

ಇತ್ತು. ಹೋದ ರಮಜಾನಿನಲ್ಲಿ ಸಾಲೆಯ ದೊಡ್ಡ ನಿಘಂಟು ನೋಡಿ ಬಂದು, ಅದು ಖರೇ ಎಂದು ಅಪ್ಪನಿಗೆ ಹೇಳಿದವಳು ಅವಳೇ. ಆದರೆ ಮುನಾವರನಿಗೆ ಮುಖಭಂಗವಾದರೆ ಸಂಬಂಧದ ಗತಿ? ಸೆರಗಿನ ಅಂಚು ನೋಡುತ್ತ, "ಇಲ್ರಿ," ಎಂದಳು.

ಎಲ್ಲರೂ ನಕ್ಕರು. ಇಷ್ಟು ವರ್ಷ ಅಪ್ಪನಿಂದಾಗಿ ಪಟ್ಟ ನಾಚಿಕೆ ಈ ಸುಳ್ಳಿನ ನಾಚಿಕೆಯ ಮುಂದೆ ಏನೂ ಅಲ್ಲ ಎನಿಸಿತು ಜಬೀನಳಿಗೆ. ಈಗ ಅಪ್ಪ ಸುಮ್ಮನಿರುವವನಲ್ಲ, ಎಲ್ಲರೆದುರು ತನ್ನ ಸುಳ್ಳನ್ನು ಬಿಚ್ಚಿಡುತ್ತಾನೆ ಎಂದು ತಲೆ ತಗ್ಗಿಸಿ ಕಾದಳು. ಕೆ ಹಾಳೆಗಳು ಮಷೀನಿನ ಖಾನೆಯಲ್ಲಿ, ಅವನ ಕೈಗೆಟುಕುವಂತೆಯೇ ಇದ್ದವು.

ಲಾಡಸಾಬ ಅತ್ತ ನೋಡಲೂ ಇಲ್ಲ.

"ಮಗಳ ಹೇಳೂದ ಖರೇರಿ," ಎಂದ. "ಜಂಪರ ಹೊಲ್ಯಾಂವಗ ಇಂಗ್ಲಿಷ ಏನ್ ತಿಳೀತೈತಿ." ಮುನಾವರನ ಮುಂದೆ ಇನ್ನೊಂದು ಮಿರ್ಚಿ ಹಾಕಿದ.