ಕೆಂಪು ಗುರುತಿನ ಲಾಳಿ

ಹೋದ ವರ್ಷ ಯುಗಾದಿ ಕಳೆದ ಮೂರನೇ ದಿನ ದೊಡ್ಡಬಳ್ಳಾಪುರದ ನಮ್ಮ ಸೋದರತ್ತೆ ಮಗ್ಗ ನಿಲ್ಲಿಸಿದಳು. ಲಾಳಿಗೆ ಹೊಸ ನೂಲು ಹಾಕಿದಾಗ ಅದರ ಸಣ್ಣ ತೂತಿಗೆ ಬಾಯಿಟ್ಟು ಉಸಿರೆಳೆದರೆ ನೂಲಿನ ತುದಿ ಪಟ್ಟನೆ ಆಚೆ ಬರುತ್ತದೆ. ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಹಾಗೇ ಮಾಡುವುದು. ಅತ್ತೆಗೆ ಬಾಯಿ ಒಣಗಿ ತುಟಿ ಆ ತೂತಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಬೆರಳ ಗಂಟುಗಳಲ್ಲಿ ನೋವು, ಕಾಲ ಮೇಲೆ ಕೆಂಪು ಚುಕ್ಕೆ.

ಊರಿನ ಡಾಕ್ಟರು ರಕ್ತದ ವರದಿ ನೋಡಿ ಸಂಧಿವಾತ ಇರಬೇಕು ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ, ಅದನ್ನು ತಗ್ಗಿಸುವ ಮಾತ್ರೆ ಬೇಕು ಎಂದು ಬೆಂಗಳೂರಿಗೆ ಕಳಿಸಿದರು. ಅತ್ತೆ, ಮಾವನ ಜೊತೆ ನಾನೂ ಹೋದೆ.

ಅಲ್ಲಿನ ಡಾಕ್ಟರಮ್ಮ ಮಾತ್ರೆ ಬರೆಯುವ ಮೊದಲು ಕೇಳಿದರು: "ಯಾವತ್ತಾದ್ರೂ ರಕ್ತ ಹಾಕಿಸ್ಕೊಂಡಿದ್ರಾ?"

ಹಾಕಿಸಿಕೊಂಡಿದ್ದಳು, ಮೂವತ್ತೈದು ವರ್ಷದ ಹಿಂದೆ, ಹೆರಿಗೆಯಲ್ಲಿ. ಇನ್ನೊಂದು ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಸಿಕ್ಕಿತು. ಲಿವರ್‌ನಲ್ಲಿ ಕೂತ ಈ ವೈರಸ್ಸೇ ಕೆಲವರ ಮೈಯ ರಕ್ಷಣೆಯನ್ನು ಕೆಣಕಿ ಕೀಲುನೋವು, ಚುಕ್ಕೆ, ಒಣಬಾಯಿ ತರುತ್ತದೆ, ಮೊದಲು ಅದನ್ನು ಓಡಿಸುವ ಮಾತ್ರೆ ಕೊಡೋಣ ಎಂದರು ಡಾಕ್ಟರಮ್ಮ.

ಅತ್ತೆ ಕೇಳಿದ್ದು ಒಂದೇ. "ಮತ್ತೆ ಮಗ್ಗಕ್ಕೆ ಕೂರ್ತೀನಾ?"

"ನೋಡೋಣಮ್ಮ. ಹನ್ನೆರಡು ವಾರ ಮಾತ್ರೆ ತಪ್ಪಿಸ್ಬೇಡಿ."

ಮಾವ ಕುರ್ಚಿಯನ್ನು ಕೊಂಚ ಹಿಂದಕ್ಕೆ ಸರಿಸಿದರು. "ಡಾಕ್ಟ್ರೇ, ನಾವು ಐದು ಜನ ಅದೇ ಲಾಳಿಗಳಿಗೆ ಬಾಯಿಡೋರು."

"ಎಂಜಲಿಂದ ಬರೋದಲ್ಲ, ರಕ್ತದಿಂದ ಬರೋದು. ನಿಮ್ಮ ಸಮಾಧಾನಕ್ಕೆ ನೀವೂ ಒಂದ್ಸಲ ಪರೀಕ್ಷೆ ಮಾಡಿಸಿ."

ಮಾವನ ವರದಿಯಲ್ಲಿ ಏನೂ ಇರಲಿಲ್ಲ. ಆದರೂ ಮನೆಗೆ ಬಂದವರೇ ಸೊಸೆಯ ಉಗುರುಬಣ್ಣ ತಂದು ಅತ್ತೆಯ ಲಾಳಿಗೊಂದು ಕೆಂಪು ಚುಕ್ಕೆ ಇಟ್ಟರು.

"ಕಾಲ ಮೇಲಿರೋದು ಸಾಲದು ಅಂತ ಲಾಳಿಗೂ ಚುಕ್ಕೆನಾ?" ಎಂದಳು ಅತ್ತೆ. "ಇಷ್ಟು ವರ್ಷ ನಾನು ಕುಡಿದು ಬಿಟ್ಟ ಕಾಫೀನೇ ಕುಡಿದ್ರಿ. ಈಗ ಬಂತೇನ್ರೀ ಮಡಿ?"

"ಮಡಿ ಅಲ್ಲ ಕಣೇ, ಗುರುತು."

"ಹಾಗಾದ್ರೆ ನಿಮ್ಮ ಲೋಟಕ್ಕೂ ಒಂದು ಇಡಿ."

ಮಾತ್ರೆ ತಪ್ಪಲಿಲ್ಲ. ಎರಡನೇ ತಿಂಗಳಿಗೆ ಕಾಲಿನ ಚುಕ್ಕೆಗಳು ಮಾಸಿದವು, ಆಮೇಲೆ ಬೆರಳು ಮಡಚಲು ಬಂತು. ಮಾತ್ರೆ ಮುಗಿದು ಮೂರು ತಿಂಗಳಿಗೆ ಮಾಡಿಸಿದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಅದಾದ ಸೋಮವಾರ ಅತ್ತೆ ಮಗ್ಗಕ್ಕೆ ಕೂತಳು. ಮೊದಲ ಸಲ ನೂಲು ಬರಲಿಲ್ಲ. ಒಂದು ಗುಟುಕು ನೀರು ಕುಡಿದು ಮತ್ತೆ ಎಳೆದಳು, ಬಂತು.

ಬಾಯಿ ಒಣಗುವುದು ಇನ್ನೂ ಪೂರ್ತಿ ಹೋಗಿಲ್ಲ. ಮಗ್ಗದ ಪಕ್ಕ ನೀರಿನ ಚೊಂಬಿದೆ. ಕೆಂಪು ಗುರುತಿನ ಲಾಳಿ ಈಗ ಮಾವನ ಮಗ್ಗದಲ್ಲಿ ಓಡುತ್ತಿದೆ.