ಜೂನ್ ಒಂದರ ಗುರುತು

ಕೆಲವು ವಿವರ ತಪ್ಪಿರಬಹುದು. ಕಂಪ್ಯೂಟರಿಗೆ ಕೈ ಹಚ್ಚುವ ಮೊದಲು ಚಿಗವ್ವ ಬಳೆ ಬಿಚ್ಚಿಡುತ್ತಿದ್ದದ್ದು ಖಚಿತ. ಅವು ಹಸಿರು ಬಳೆಗಳೆಂದು ನೆನಪು ಹೇಳುತ್ತದೆ. ನಾನು ಪೂರ್ತಿ ನಂಬುವುದಿಲ್ಲ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ ನೀಲಮ್ಮ. ವಾಡಿಯ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತೆ. ಓದಿದ್ದು ಪಿಯುಸಿ, ಕಂಪ್ಯೂಟರ್ ಕಲಿತದ್ದು ತಾನೇ ತಾನಾಗಿ.

ನಾನು ಎಂ.ಎ. ಓದುತ್ತಿದ್ದಾಗ, ಬೇಸಿಗೆ ರಜೆಗೆ ಚಿಗವ್ವನ ಮನೆಗೆ ಬಂದು ಆಕೆಯ ಜೊತೆ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ, ಕರೆಂಟ್ ಹೋಗಿ ಬಂದು ಶಾಲೆಯ ಕಂಪ್ಯೂಟರ್ ಕೆಟ್ಟಿತು. ಮತ್ತೆ ಶುರುವಾದಾಗ ಮಕ್ಕಳ ದಾಖಲಾತಿಯ ಫೈಲು ತೆರೆಯಲಿಲ್ಲ. ಕಾಗದದ ರಿಜಿಸ್ಟರನ್ನು ಮೊದಲೇ ಗೆದ್ದಲು ತಿಂದಿತ್ತು. ಫೈಲಿನ ಇನ್ನೊಂದು ಪ್ರತಿ ಇಟ್ಟಿರಲಿಲ್ಲ. ಆ ತಪ್ಪು ತನ್ನದೆಂದು ಚಿಗವ್ವ ಎಲ್ಲರೆದುರು ಒಪ್ಪಿಕೊಂಡಳು. ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಟಿ.ಸಿ. ಬೇಕಿತ್ತು. ಕಾಲೇಜು ಸೇರಲು ನಾಲ್ಕೇ ದಿನ ಉಳಿದಿದ್ದವು.

ರಿಪೇರಿಗೆ ಬಂದವನು, "ಎಲ್ಲಾ ಅಳಸಿ ಹೊಸದಾಗಿ ಹಾಕೂಣ್ರಿ" ಅಂದ.

"ಮನಿ ಸೋರ್ತದಂತ ಮನೀನೇ ಕೆಡವ್ತಿಯೇನಪ್ಪ?" ಅಂದಳು ಚಿಗವ್ವ.

ಹೆಡ್‌ಮಾಸ್ತರರು ಕೇಳಿದರು: "ನೀಲಮ್ಮಾ, ನಿಮ್ಮ ಕಡಿಂದ ಆಗ್ತದೇನ್ರಿ?"

"ಗೊತ್ತಿಲ್ರಿ ಸರ್. ಅಳಸಬ್ಯಾಡ್ರಿ, ಅಷ್ಟ."

ಕೆಟ್ಟ ಫೈಲಿನದೇ ಒಂದು ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸಕ್ಕೆ ಕೂತಳು. "ನಕಲ್ ಮೊದಲು, ಅಕಲ್ ಆಮ್ಯಾಲ" ಎಂಬ, ಅಂದರೆ ಮೊದಲು ಪ್ರತಿ ತೆಗೆ, ಬುದ್ಧಿ ಆಮೇಲೆ ಓಡಿಸು ಎಂಬ ಆಕೆಯ ಮಾತು ಹುಟ್ಟಿದ್ದು ಅಂದೇ. ಮುಂದೆ ಸಾರಿಗೆ ಉಪ್ಪು ಹಾಕುವಾಗಲೂ ಒಂದು ಬಟ್ಟಲು ಬೇರೆ ತೆಗೆದು, ಅದರಲ್ಲಿ ರುಚಿ ನೋಡಿಯೇ ಪಾತ್ರೆಗೆ ಕೈ ಹಾಕುತ್ತಿದ್ದಳು.

ಪರದೆಯ ತುಂಬ ಅರ್ಥವಾಗದ ಅಕ್ಷರಗಳು, ನಡುನಡುವೆ ಹೆಸರಿನ ತುಂಡುಗಳು. ಒಂದು ಮಗುವಿನ ವಿವರ ಎಲ್ಲಿ ಮುಗಿದು ಇನ್ನೊಂದರದು ಎಲ್ಲಿ ಶುರುವಾಗುತ್ತದೋ ತಿಳಿಯದು. ಬಹಳ ಹೊತ್ತು ನೋಡಿ ಚಿಗವ್ವ ನಕ್ಕಳು.

"ಜೂನ್ ಒಂದು ಹುಡುಕವಾ."

ನಮ್ಮ ಕಡೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಕೇಳಿದರೆ, "ಜ್ವಾಳ ಕೊಯ್ಲಿಕತ್ತಿದ್ದಿವ್ರಿ, ಆವಾಗ" ಎನ್ನುವವರೇ ಹೆಚ್ಚು. ಮಾಸ್ತರರು ಜೂನ್ ಒಂದು ಎಂದು ಬರೆದುಬಿಡುತ್ತಾರೆ. ಅರ್ಧ ಶಾಲೆ ಅದೇ ತಾರೀಖಿಗೆ ಹುಟ್ಟಿತ್ತು. ಫೈಲಿನಲ್ಲಿ ಪ್ರತಿ ಮಗುವಿಗೂ ಒಂದೇ ಉದ್ದದ ಜಾಗ ಇರುತ್ತದಂತೆ. ಒಂದು ಜೂನ್ ಒಂದರಿಂದ ಅದಕ್ಕೆ ತೀರ ಹತ್ತಿರದ ಜೂನ್ ಒಂದರವರೆಗೆ ಅಕ್ಷರ ಎಣಿಸಿದಾಗ ಆ ಉದ್ದ ಸಿಕ್ಕಿತು. ನಾನು ಎಣಿಸಿದೆ, ಆಕೆ ಅಷ್ಟಷ್ಟೇ ಕತ್ತರಿಸಿ ಹೊಸ ಫೈಲಿಗೆ ಸೇರಿಸಿದಳು. ಮೂರನೇ ದಿನ ಮಧ್ಯಾಹ್ನ ಮೊದಲ ಟಿ.ಸಿ. ಹೊರಬಂತು. ನಾಲ್ಕನೇ ದಿನಕ್ಕೆ ಟಿ.ಸಿ. ಸಿಗದ ಮಗು ಒಂದೂ ಉಳಿದಿರಲಿಲ್ಲ.

"ಸುಳ್ಳು ತಾರೀಖ ಕಾಯ್ತು ನೋಡು ನಮ್ಮನ್ನ" ಎನ್ನುತ್ತ ಬಳೆ ಏರಿಸಿಕೊಂಡಳು. ವಿಶ್ವವಿದ್ಯಾಲಯದಲ್ಲಿ ಎಷ್ಟೋ ವಿದ್ವಾಂಸರನ್ನು ಕಂಡಿದ್ದೇನೆ. ಅಂದು ಪಟ್ಟಷ್ಟು ಹೆಮ್ಮೆಯನ್ನು ಯಾರ ಬಗೆಗೂ ಪಟ್ಟಿಲ್ಲ.

ಹೋದ ವರ್ಷ ಚಿಗವ್ವ ತೀರಿಕೊಂಡಳು. ಫೋಟೊದ ಕೆಳಗೆ ಹುಟ್ಟಿದ ದಿನ ಬರೆಸಬೇಕಿತ್ತು. ಆಧಾರ್ ಕಾರ್ಡು ತೆಗೆದು ನೋಡಿದೆ: ಜೂನ್ ಒಂದು. ಅದನ್ನು ಬರೆಸಲು ಮನಸ್ಸು ಒಪ್ಪಲಿಲ್ಲ. ಅವ್ವ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನ ಮಾತಿಗೆ ಬೆರಳು ಮಡಚಿ ವರ್ಷ ಎಣಿಸಿ, ಲೆಕ್ಕ ಕೂಡದೆ ಮತ್ತೆ ಮೊರಕ್ಕೆ ಕೈ ಹಾಕಿದಳು. ಫೋಟೊದ ಕೆಳಗಿನ ಜಾಗ ಇವತ್ತಿಗೂ ಖಾಲಿ ಇದೆ. ನಾನು ಕೇಳಿದ್ದು ಇಷ್ಟೇ:

"ಯವ್ವಾ, ಚಿಗವ್ವ ಹುಟ್ಟಿದ್ದು ಖರೇ ಯಾವಾಗ?"