ಗುಂಡಿಗೆ ಮೆತ್ತಿದ ಗಂಧ

ನಡುಮನೆಯಿಂದ ಗಂಧ ತೇಯುವ ವಾಸನೆ ಬರುತ್ತಿದೆ. ಎದುರಿಗೆ ಕಂಪ್ಯೂಟರ್, ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಬೇಕು, ಸಿದ್ಧವಾಗಿ ಎನ್ನುತ್ತಿದೆ. ಇವೆರಡೂ ಒಟ್ಟಿಗೆ ಬಂದರೆ ನನಗೆ ಗಾಬರಿ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಮಾದಿಹಳ್ಳಿಯ ನನ್ನ ಸೋದರತ್ತೆ ಕೊನೆಗಾಲದಲ್ಲಿ ಅರಸೀಕೆರೆಯ ನಮ್ಮ ಮನೆಯಲ್ಲೇ ಇದ್ದರು. ಆ ಕಡೆ ಹಳೇಬೀಡು, ಈ ಕಡೆ ಜಾವಗಲ್, ಯಾರ ಮನೆಯ ಮದುವೆಯಾದರೂ ಹಸೆ ಹಾಡಿಗೆ ಅವರೇ ಬೇಕು. ಒಂದು ಮಧ್ಯಾಹ್ನ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಮೈಕು ಸಿಕ್ಕಿಸಿ, ಒಂದು ಹಾಡು ಹೇಳಿಸಿಟ್ಟುಕೊಂಡೆ. ಅಂದಿನಿಂದ ಆ ಯಂತ್ರದ ಮೇಲೆ ಅತ್ತೆಗೆ ಎಲ್ಲಿಲ್ಲದ ಮಮತೆ. ಆಯುಧಪೂಜೆ ಬಂದರೆ ಬೈಕು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕಿಂತ ಮೊದಲು ಅದಕ್ಕೇ ಗಂಧ. ಅದೂ ಸ್ಟಾರ್ಟ್ ಮಾಡುವ ಗುಂಡಿಯ ಮೇಲೇ. "ಇದೇ ಅದರ ಹಣೆ ಕಣೋ," ಎಂದು ಹೆಬ್ಬೆರಳಿನಿಂದ ಒತ್ತಿ ಮೆತ್ತುತ್ತಿದ್ದರು. ಮರುದಿನ ನಾನು ಒರೆಸಿಬಿಡುತ್ತಿದ್ದೆ.

ಅವರ ಕೊನೆಯ ಆಯುಧಪೂಜೆಗೂ ವೈರುಗಳನ್ನೆಲ್ಲ ಬಿಚ್ಚಿ ಯಂತ್ರವನ್ನು ಮಣೆಯ ಮೇಲೆ ಕೂರಿಸಿದ್ದೆವು. ಹಬ್ಬ ಮುಗಿಯುತ್ತಲೇ ಅತ್ತೆ ಹಾಸಿಗೆ ಹಿಡಿದರು, ದೀಪಾವಳಿಗೆ ಇರಲಿಲ್ಲ. ಆಮೇಲೆ ಕಂಪ್ಯೂಟರಿನ ನೆನಪು ಯಾರಿಗೆ? ಎಷ್ಟೋ ತಿಂಗಳ ಮೇಲೆ, ಹಳೆಯ ಸಿಸ್ಟಂ ಇನ್ನು ನಡೆಯುವುದಿಲ್ಲ ಎಂದು ಎಲ್ಲರೂ ಹೇಳತೊಡಗಿದಾಗ ಹೊಸದನ್ನು ಹಾಕಲು ಹೊರಟೆ. ಹೆಂಡತಿ ಶಾರದೆ ತಡೆದಳು.

"ಅತ್ತೆ ಹಾಡು ಅದ್ರಲ್ಲೇ ಐತೆ ಕಣ್ರೀ. ಮೊದ್ಲು ಅದನ್ನ ಬೇರೆ ಕಡೆ ತೆಗೆದಿಡಿ."

ನಿಜ. ಆ ಹಾಡಿಗೆ ಬೇರೆಲ್ಲೂ ನಕಲು ಇರಲಿಲ್ಲ.

ವೈರು ಸಿಕ್ಕಿಸಿದೆ. ನಾನು ಮುಟ್ಟುವ ಮೊದಲೇ ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆಯಲ್ಲಿ ಏನಾದರೂ ಮೂಡುವ ಮೊದಲೇ ಎಲ್ಲ ಆರಿತು. ಮತ್ತೆ ಸಿಕ್ಕಿಸಿದರೆ ಮತ್ತೆ ಅದೇ ಆಟ. ಮುಟ್ಟದೆ ಏಳುವುದೇಕೆ, ಎದ್ದದ್ದು ಮಲಗುವುದೇಕೆ? ಯುಪಿಎಸ್ಸನ್ನು ಅನುಮಾನಿಸಿದೆ. ಮುಚ್ಚಳ ಬಿಚ್ಚಿ, ಯಾರೋ ಹೇಳಿದ್ದರೆಂದು ಮೆಮೊರಿ ಪಟ್ಟಿಯನ್ನು ಕಿತ್ತು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ವಾಪಸು ಹಾಕುವಾಗ ಅದರ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂಬುದೇ ಮರೆತುಹೋಗಿತ್ತು. ತಿರುಗಿಸಿ ಮುರುಗಿಸಿ ಅಂತೂ ಕೂರಿಸಿದೆ, ಆದರೂ ಅದೇ ಆಟ. ರಿಪೇರಿ ಅಂಗಡಿಯವನಿಗೆ ಫೋನು ಮಾಡಿದೆ.

"ಡಿಸ್ಕೇ ಹೋಗಿರ್ಬೇಕು ಸಾರ್. ಒಳಗಿರೋದು ಸಿಗುತ್ತೋ ಇಲ್ವೋ ಹೇಳಕ್ಕಾಗಲ್ಲ," ಎಂದ.

ಅತ್ತೆಯನ್ನು ಮಣ್ಣು ಮಾಡಿ ಬಂದ ದಿನಕ್ಕಿಂತ ಆ ಮಧ್ಯಾಹ್ನ ನನಗೆ ಹೆಚ್ಚು ಸಂಕಟವಾಯಿತು.

ಶಾರದೆ ಬಗ್ಗಿ ನೋಡಿದಳು. "ಈ ಗುಂಡಿ ಒಳಗೇ ಕೂತ್ಬಿಟ್ಟೈತಲ್ರೀ?"

ಹೌದು. ಗುಂಡಿಯ ಸುತ್ತಲ ಸಂದಿಗೆ ಇಳಿದ ಗಂಧ ಒಣಗಿ, ಅದನ್ನು ಮೇಲೇಳಲು ಬಿಡದೆ ಹಿಡಿದುಕೊಂಡಿತ್ತು. ಒತ್ತಿ ಹಿಡಿದರೆ ಯಂತ್ರ ತಾನಾಗಿ ಆರುತ್ತದೆಂಬುದು ನನಗೂ ಗೊತ್ತಿದ್ದದ್ದೇ. ಗಂಧ ಒತ್ತಿ ಹಿಡಿಯಬಹುದೆಂದು ಮಾತ್ರ ಹೊಳೆದಿರಲಿಲ್ಲ. ನಗುತ್ತಾ ಒದ್ದೆ ಬಟ್ಟೆ ತಂದೆ. ತಂದವನು ಹಾಗೇ ನಿಂತೆ. ಗಂಧದ ಮೇಲೆ ಅತ್ತೆಯ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದ್ದವು. ಒರೆಸಿದರೆ ಬೆರಳಿನ ಗುರುತು ಹೋಗುತ್ತದೆ, ಬಿಟ್ಟರೆ ದನಿ. ಏನು ಮಾಡಬೇಕೋ ತೋಚದೆ ಇಬ್ಬರೂ ನೆಲದ ಮೇಲೆ ಕೂತೆವು.

"ಒರೆಸ್ರೀ," ಎಂದಳು ಶಾರದೆ, ಮುಖ ಆ ಕಡೆ ತಿರುಗಿಸಿ.

ಗುಂಡಿ ಟಕ್ಕೆಂದು ಮೇಲೆದ್ದಿತು. ಒತ್ತಿದೆ, ಈ ಸಲ ಪರದೆ ಬೆಳಗಿತು. ಹಾಡು ಸಿಕ್ಕಿತು. ನಡುವೆ ಒಂದು ಕೆಮ್ಮು, ಆಮೇಲೆ ನನ್ನನ್ನೇ ಕೇಳುವ ದನಿ: "ಏನೋ, ಇದಕ್ಕೆ ಕೇಳಿಸ್ತಾ ಐತೇನೋ?"

ನಾನು ಮಗುವಿನ ಹಾಗೆ ಅತ್ತುಬಿಟ್ಟೆ.

ಈಗ ಹಾಡಿಗೆ ಬೇರೆ ಕಡೆಯೂ ನಕಲುಗಳಿವೆ. ಇಂದು ಮತ್ತೆ ಆಯುಧಪೂಜೆ. ಶಾರದೆ ಗಂಧದ ಬಟ್ಟಲು ಹಿಡಿದು ಬಂದು ನಿಂತಿದ್ದಾಳೆ. ಬೆರಳು ಅದ್ದಿ, ನನ್ನ ಮುಖವನ್ನೇ ನೋಡುತ್ತಿದ್ದಾಳೆ.

"ಪಕ್ಕಕ್ಕೆ ಹಚ್ಲೇನ್ರೀ?"

ಸಿಸ್ಟಂ ಇನ್ನೊಂದು ದಿನ ಕಾಯಲಿ. ಕಂಪ್ಯೂಟರ್ ಆರಿಸಿ, ವೈರು ಬಿಚ್ಚಿದೆ.

"ಹಣೆಗೇ ಹಚ್ಚು ಕಣೇ," ಎಂದೆ.